ಪುಣೆಲಿ ಮಗಳ ಮೊದಲ ಬರ್ತ್‌ಡೇ, ಜಂಗಲ್ ಥೀಮು, ಎರಡೂ ಕಡೆ ಅಜ್ಜಿ ತಾತಂದಿರು ಬರ್ತಿದಾರೆ, ಹೆಂಗೆ ನಿಭಾಯಿಸೋದು ಹೇಳಿ

ವಾಕಡ್ ಮೈಸೂರಿಗ:
ಎಲ್ರಿಗೂ ನಮಸ್ಕಾರ. ನಾವಿರೋದು ಪುಣೆಯ ವಾಕಡ್‌ನಲ್ಲಿ, ನಮ್ದು ಮೈಸೂರು, ನನ್ ಹೆಂಡ್ತಿದು ಧಾರವಾಡ. ನವೆಂಬರ್ ಕೊನೇಲಿ ಮಗಳಿಗೆ ವರ್ಷ ತುಂಬುತ್ತೆ. ಸೊಸೈಟಿ ಕ್ಲಬ್‌ಹೌಸ್ ಬುಕ್ ಆಗಿದೆ, ಶನಿವಾರ ಸಂಜೆ, ಜಂಗಲ್ ಥೀಮು, ಬರೋರೆಲ್ಲ ಹಸಿರು ಇಲ್ಲಾ ಕಂದು ಬಣ್ಣ ಹಾಕ್ಕೊಂಡು ಬನ್ನಿ ಅಂತ ಇನ್ವಿಟೇಶನ್ ಕೂಡ ಹೋಗಿದೆ. ಈಗ ಮೈಸೂರಿಂದ ನಮ್ಮಪ್ಪ ಅಮ್ಮ, ಧಾರವಾಡದಿಂದ ಅತ್ತೆ ಮಾವ, ನಾಲ್ಕೂ ಜನ ಬರ್ತಾರೆ. ಅಪ್ಪಂಗೆ ಮಂಡಿನೋವು, ಮಾವಂಗೆ ಶುಗರ್ರು, ನಮ್ದು 2 ಬಿಎಚ್‌ಕೆ.
ನಂಗೆ ಜಾಸ್ತಿ ಯೋಚನೆ ಆಗಿರೋದು ಪಾರ್ಟಿ ದಿನದ್ದು. ಹೋದ ತಿಂಗಳು ಪಕ್ಕದ ವಿಂಗಲ್ಲಿ ಒಂದು ಬರ್ತ್‌ಡೇ ಇತ್ತು, ಊರಿಂದ ಬಂದಿದ್ದ ಅಜ್ಜಿ ಒಬ್ರು ಸ್ಪೀಕರ್ ಪಕ್ಕದ ಚೇರಲ್ಲಿ ಕೇಕ್ ಪ್ಲೇಟ್ ಹಿಡ್ಕೊಂಡು ಸುಮ್ನೆ ಕೂತಿದ್ರು, ಅವ್ರಿಗೆ ಹಿಂದಿನೂ ಬರಲ್ಲ ಮರಾಠಿನೂ ಬರಲ್ಲ, ಯಾರೋ ಬಂದು ಕಾಲಿಗೆ ನಮಸ್ಕಾರ ಮಾಡಿ ಹೋಗ್ತಾರೆ, ಅಷ್ಟೇ. ಮಗು ಅವ್ರ ಕೈಗೆ ಬಂದಿದ್ದು ಫೋಟೋಗ್ರಾಫರ್ ಕರೆದಾಗ ಮಾತ್ರ. ನಮ್ಮನೆ ಹಿರಿಯರಿಗೆ ಹಂಗಾಗ್ಬಾರ್ದು. ಏನ್ಮಾಡ್ಬೋದು? ಟ್ರೈನಾ ಫ್ಲೈಟಾ ಅನ್ನೋದನ್ನೂ ಹೇಳಿ.

ಹುಬ್ಬಳ್ಳಿ ಗಾಡಿ:
ಧಾರವಾಡದವರಿಗೆ ಚಿಂತಿನ ಇಲ್ರಿ. ಹುಬ್ಬಳ್ಳಿ-ಪುಣೆ ವಂದೇ ಭಾರತ್ 2024ರ ಸೆಪ್ಟೆಂಬರ್‌ದಾಗ ಶುರು ಆಗೇತಿ. ಹುಬ್ಬಳ್ಳಿಯಿಂದ ಬುಧವಾರ ಶುಕ್ರವಾರ ರವಿವಾರ, ಪುಣೆಯಿಂದ ವಾಪಸ್ ಗುರುವಾರ ಶನಿವಾರ ಸೋಮವಾರ. ಬೆಳಗಿನ ಐದಕ್ಕ ಬಿಡ್ತೈತಿ, ಧಾರವಾಡ ಬೆಳಗಾವಿ ಮಿರಜ ಸಾಂಗ್ಲಿ ಸಾತಾರಾ ಮ್ಯಾಲೆ ಹಾಸಿ ಮಧ್ಯಾಹ್ನ ಒಂದೂವರಿ ಸುಮಾರಿಗೆ ಪುಣೆ. ಟೈಮು ಮಾತ್ರ ಬುಕ್ ಮಾಡೋವಾಗ ಒಮ್ಮೆ ನೋಡ್ಕೋರಿ. ರಿಸರ್ವೇಶನ್ ಈಗ 60 ದಿನ ಮೊದಲ ಓಪನ್ ಆಗ್ತೈತಿ, ಮೊದಲಿನಂಗ 120 ಅಲ್ಲ, ಹಂಗಾಗಿ ಕ್ಯಾಲೆಂಡರ್‌ದಾಗ ಗುರ್ತ್ ಹಾಕಿ ಇಡ್ರಿ.

ಬೆಳಗಾವಿ ಕಾಕಾ:
ವಂದೇ ಭಾರತ್ ಚಲೋ ಖರೆ, ಆದ್ರ ಅದು ಬರೇ ಕುಂದ್ರೂ ಗಾಡಿ. ಎಂಟೂವರಿ ತಾಸು ಕುಂತ್ರ ಶುಗರ್ ಇದ್ದವರಿಗೆ ಕಾಲು ಬಾವು ಬರ್ತಾವ, ನಡುನಡುವ ಎದ್ದು ಅಡ್ಡಾಡಾಕ ಹೇಳ್ರಿ. ಮಲಕೊಂಡು ಹೋಗೂದಾದ್ರ ರಾತ್ರಿ ಗಾಡಿ ಅದಾವ. ಲೋವರ್ ಬರ್ತ್ ಕೋಟಾ ಗಂಡಸರಿಗೆ 60, ಹೆಣ್ಮಕ್ಕಳಿಗೆ 45 ದಾಟಿದ್ರ ಸಿಗ್ತದ, ಆದ್ರ ಒಂದ ಟಿಕೆಟಿನ್ಯಾಗ ಇಬ್ಬರಕಿಂತ ಹೆಚ್ಚು ಮಂದಿ ಹಾಕಿದ್ರ ಕೋಟಾ ನಡಿಯಂಗಿಲ್ಲ, ಇದು ಭಾಳ ಮಂದಿಗೆ ಗೊತ್ತಿರೂದಿಲ್ಲ. ಹಿರಿಯರ ರಿಯಾಯಿತಿ ಅಂತೂ ಕೇಳಬ್ಯಾಡ್ರಿ, 2020ರ ಮಾರ್ಚಿಗೆ ಬಂದ್ ಮಾಡಿದ್ದು ಇನ್ನಾ ತಿರುಗಿ ಕೊಟ್ಟಿಲ್ಲ.
ನಮ್ಮ ಮನಿಯವ್ರು ಮೊಮ್ಮಗನ ಬರ್ತ್‌ಡೇಕ್ಕ ಪುಣೆಕ್ಕ ಹೊಂಟಾಗ ಶಕ್ತಿ ಬಸ್ಸಿನ್ಯಾಗ ನಿಪ್ಪಾಣಿತನಕ ಫ್ರೀ ಹೋಗಿ ಅಲ್ಲಿಂದ ಮಹಾರಾಷ್ಟ್ರದ ಬಸ್ಸಿನ್ಯಾಗ ಅರ್ಧಾ ಟಿಕೆಟ್ ತಗೋತೀನಿ ಅಂತ ಹಟಾ ಹಿಡಿದಿದ್ರು. ಉಳಿಸಿದ ರೊಕ್ಕದ ಎರಡು ಪಟ್ಟು ಆಮ್ಯಾಲೆ ನಡು ನೋವಿನ ಮಲಾಮಕ್ಕ ಹೋಗ್ತಿತ್ತು.

ವಾಕಡ್ ಮೈಸೂರಿಗ:
ಧನ್ಯವಾದ ಸರ್. ಮೈಸೂರಿನೋರಿಗೆ ಫ್ಲೈಟೇ ಅನ್ಕೊಂಡಿದೀನಿ. ಮೈಸೂರಿಂದ ಫ್ಲೈಬಸ್ಸು ಸೀದಾ ಬೆಂಗಳೂರು ಏರ್‌ಪೋರ್ಟಿಗೆ ಬಿಡುತ್ತೆ, ಅಲ್ಲಿಂದ ಪುಣೆಗೆ ಒಂದೂವರೆ ಗಂಟೆ. ಉದ್ಯಾನ್ ಎಕ್ಸ್‌ಪ್ರೆಸ್ಸಾದ್ರೆ ರಾತ್ರಿ ಹತ್ತಿದ್ರೆ ಮಾರನೇ ದಿನ ಸಂಜೆನೇ ಪುಣೆ, ಅಪ್ಪನ ಮಂಡಿಗೆ ಆಗಲ್ಲ.
ಇನ್ನೊಂದು ಹೊಸ ಪೀಕಲಾಟ. ಅಮ್ಮ ಪಂಚಾಂಗ ನೋಡಿ ಹೇಳ್ತಿದಾರೆ, ತಿಥಿ ಪ್ರಕಾರ ಪಾಪು ಹುಟ್ಟುಹಬ್ಬ ಪಾರ್ಟಿಗಿಂತ ಹೆಚ್ಚುಕಮ್ಮಿ ಹನ್ನೊಂದು ದಿನ ಮುಂಚೆನೇ ಬರುತ್ತಂತೆ, ಅವತ್ತೇ ಅಬ್ದಪೂರ್ತಿ ಆಯುಷ್ಯ ಹೋಮ ಆಗ್ಬೇಕಂತೆ. ಎರಡಕ್ಕೂ ಇರ್ಬೇಕು ಅಂದ್ರೆ ಎರಡು ವಾರ ಆಯ್ತು. ನಂಗೇನೋ ಖುಷಿನೇ, ಮನೇಲಿ ಹೇಳೋಕೆ ಧೈರ್ಯ ಬರ್ತಿಲ್ಲ.

ಪಂಚಾಂಗದ ಭಟ್ಟರ ಮಗ:
ಅಮ್ಮ ಹೇಳಿದ್ದು ಸರಿ ಇದೆ. ಚಾಂದ್ರಮಾನದ ವರ್ಷ 354 ದಿನ, ಅದಕ್ಕೆ ಮುಂದಿನ ವರ್ಷ ತಿಥಿ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತೆ, ಮಧ್ಯದಲ್ಲಿ ಅಧಿಕಮಾಸ ಬಂದ್ರೆ ಉಲ್ಟಾ ಹತ್ತೊಂಬತ್ತು ದಿನದ ಹತ್ರ ಮುಂದಕ್ಕೆ ಹೋಗುತ್ತೆ. ಕೆಲವರು ನಕ್ಷತ್ರ ನೋಡ್ತಾರೆ, ಅದರ ದಿನ ಬೇರೆ. ಹೋಮ ಅಂದ ತಕ್ಷಣ ಹಾಲ್ ಬುಕ್ ಮಾಡೋ ಕಾರ್ಯಕ್ರಮ ಅಂತ ತಿಳ್ಕೋಬೇಡಿ, ಮನೇಲೇ ಒಬ್ಬ ಪುರೋಹಿತರನ್ನ ಕರೆಸಿ ಎರಡು ಗಂಟೇಲಿ ಮುಗಿಸ್ಬೋದು. ಹೊಗೆಗೆ ಸ್ಮೋಕ್ ಅಲಾರಂ ಹೊಡ್ಕೊಳ್ಳುತ್ತಾ ಅಂತ ಮಾತ್ರ ಸೊಸೈಟಿಯೋರನ್ನ ಮೊದಲೇ ಕೇಳಿ ಇಟ್ಕೊಳಿ.

ಶಿವಮೊಗ್ಗದ ಅಜ್ಜಿ:
ಇಲ್ಲಿ ಎಲ್ಲ ಮಕ್ಕಳೇ ಮಾತಾಡ್ತಿದೀರ, ಹೋಗೋರ ಕಡೆಯಿಂದ ನಾನೊಂದ್ಮಾತು ಹೇಳ್ತೀನಿ ಕೇಳಪ್ಪ. ನಾನು ಇಬ್ಬರು ಮೊಮ್ಮಕ್ಕಳ ಮೊದಲ ಹುಟ್ಟುಹಬ್ಬಕ್ಕೆ ಹೋಗಿ ಬಂದೋಳು, ಒಂದು ಬೆಂಗಳೂರಲ್ಲಿ, ಇನ್ನೊಂದು ಟೆಕ್ಸಾಸಲ್ಲಿ. ಎರಡೂ ಥೀಮ್ ಪಾರ್ಟಿನೇ, ಒಂದ್ರಲ್ಲಿ ನಂಗೆ ಸಮುದ್ರ ಅಂತ ನೀಲಿ ಸೀರೆ ಉಡ್ಸಿದ್ರು. ಉಟ್ಟೆ, ಅದ್ರಲ್ಲೇನು ಕಷ್ಟ.
ನೀವು ಯೋಚನೆ ಮಾಡೋದೇ ಬೇರೆ, ನಮಗೆ ಬೇಕಾಗಿರೋದೇ ಬೇರೆ. ನೀವು ಅನ್ಕೊಳ್ತೀರ, ಅಪ್ಪ ಅಮ್ಮನ್ನ ಸ್ಟೇಜಿಗೆ ಕರೀಬೇಕು, ಮೈಕಲ್ಲಿ ಹೆಸರು ಹೇಳ್ಬೇಕು, ಅವ್ರ ಕೈಲಿ ಕೇಕ್ ಕಟ್ ಮಾಡಿಸ್ಬೇಕು. ಅದೆಲ್ಲ ಹತ್ತು ನಿಮಿಷದ್ದು. ಆ ಹತ್ತು ನಿಮಿಷಕ್ಕೆ ಯಾರೂ ಅಷ್ಟು ದೂರದಿಂದ ಮಾತ್ರೆ ಡಬ್ಬಿ ಕಟ್ಕೊಂಡು ಬರಲ್ಲ. ನಮಗೆ ಮಗು ಬೇಕು, ಮಗು ಜೊತೆ ಬೆಳಗಿನ ಹೊತ್ತು ಬೇಕು. ಅದು ಎದ್ದು ಕಣ್ಣುಜ್ಜಿಕೊಂಡು ಬರೋದು, ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚೋದು, ಮಧ್ಯಾಹ್ನ ತೊಡೆ ಮೇಲೆ ಹಾಕ್ಕೊಂಡು ತೂಗೋದು. ವಿಡಿಯೋ ಕಾಲಲ್ಲಿ ನೋಡಿದ ಅಜ್ಜಿನೇ ಎದುರಿಗೆ ಬಂದಿರೋ ಅಜ್ಜಿ ಅಂತ ಮಗು ಗುರ್ತು ಹಿಡಿಯೋಕೆ ಎರಡು ಮೂರು ದಿನ ಬೇಕು, ಒಂದು ವರ್ಷದ್ದಕ್ಕೆ ಹೊಸಬರ ಭಯ ಜಾಸ್ತಿ. ಪಾರ್ಟಿ ಹಿಂದಿನ ದಿನ ರಾತ್ರಿ ಕರೆಸಿ ಮಾರನೇ ದಿನ ಎತ್ಕೊಳ್ಳಿ ಅಂದ್ರೆ ಮಗು ಕಿಟಾರನೆ ಕಿರುಚುತ್ತೆ, ಎಲ್ಲರೆದುರು ಅಜ್ಜಿ ಮುಖ ಸಪ್ಪೆ ಆಗುತ್ತೆ. ಟೆಕ್ಸಾಸಿಗೆ ನಾವು ತಿಂಗಳು ಮುಂಚೆ ಹೋಗಿದ್ವಿ, ಪಾರ್ಟಿ ದಿನ ಅಷ್ಟು ಜನರ ಮಧ್ಯೆ ಅದು ಹೆದರಿ ನನ್ನ ಹತ್ರನೇ ಓಡಿ ಬಂತು. ಅವರಮ್ಮನ ಹತ್ರ ಅಲ್ಲ, ನನ್ನ ಹತ್ರ. ಇನ್ನೂ ಹೇಳ್ಕೊಂಡು ತಿರುಗ್ತೀನಿ.
ಅದಕ್ಕೆ ಎರಡು ವಾರ ಕರೆಸು. ಪಾರ್ಟಿ ದಿನ ಮಾತ್ರ ನಮಗೆ ಬೆನ್ನಿಗೆ ಆಸರೆ ಇರೋ ಕುರ್ಚಿ, ಸ್ಪೀಕರಿಂದ ದೂರ, ಬಾತ್‌ರೂಮಿಗೆ ಹತ್ರ, ಏಳೂವರೆ ಒಳಗೆ ಊಟ. ಕೇಕ್ ಕಟ್ಟಾಗ್ಲಿ ಅಂತ ಒಂಬತ್ತರವರೆಗೆ ಶುಗರ್ ಇರೋ ಮನುಷ್ಯನ್ನ ಕಾಯಿಸ್ಬೇಡಿ, ಮಾತ್ರೆ ತಗೊಂಡೋರಿಗೆ ಶುಗರ್ ಇಳಿದುಹೋಗುತ್ತೆ.

ಮಂಗ್ಳೂರು ಮಾಮಿ:
ಅಜ್ಜಿ ಹೇಳಿದ್ದು ನೂರಕ್ಕೆ ನೂರು. ನಂಗೂ ಅಷ್ಟೇ, ಸ್ಟೇಜ್ ಎಲ್ಲ ಬೇಡ ಮಾರಾಯ್ರೆ.
ಒಂದು ನಗು ಹೇಳ್ತೇನೆ, ನವೆಂಬರ್ ಕೊನೆಗೆ ಪುಣೆಯಲ್ಲಿ ಸಂಜೆ ಚಳಿ ಉಂಟಲ್ವಾ, ನಮ್ಮವರು ಹೇಗೂ ಮಂಕಿ ಕ್ಯಾಪ್ ಹಾಕಿಯೇ ಹಾಕ್ತಾರೆ. ಜಂಗಲ್ ಥೀಮಿಗೆ ಬೇರೆ ಡ್ರೆಸ್ ಎಂತಕ್ಕೆ?

ವಾಕಡ್ ಮೈಸೂರಿಗ:
ಮಂಕಿ ಕ್ಯಾಪು 😂 ನಮ್ಮಪ್ಪನ ಹತ್ರ ಕಂದು ಬಣ್ಣದ್ದೇ ಇದೆ.

ಆ ಹೆಂಡತಿ ನಾನ:
ನಮಸ್ಕಾರ್ರಿ ಎಲ್ಲಾರಿಗೂ. ಮ್ಯಾಲೆ ಬರದಾರಲ್ಲ, ಮನ್ಯಾಗ ಹೇಳಾಕ ಧೈರ್ಯಾ ಬರವಲ್ತು ಅಂತ, ಆ ಮನಿಯಾಕಿ ನಾನ. ನಮ್ಮಕ್ಕ ಲಿಂಕ್ ಕಳಿಸಿದ್ಲು. ಧೈರ್ಯಾ ಇಲ್ಲದವರು ಊರ ಮಂದಿ ಮುಂದ ಹೆಂಗ ಬರದ್ರೋ ಏನೋ.
ಅಜ್ಜಿ, ನಿಮ್ಮ ಮಾತು ಓದಿ ಖುಷಿ ಆತು, ನನಗೂ ನಮ್ಮವ್ವ ಬಂದು ಹದಿನೈದ್ ದಿನಾ ಇರಲಿ ಅಂತನ ಅದ. ಆದ್ರ ಸ್ವಲ್ಪ ನಮ್ಮ ಮನಿ ಕಡೆನೂ ನೋಡ್ರಿ. ಎರಡು ಬೆಡ್‌ರೂಮು, ಎರಡು ಬಾತ್‌ರೂಮು, ಆರು ದೊಡ್ಡ ಮಂದಿ, ಒಂದು ಕೂಸು. ಮಾವನವರು ನಸಿಕಿನ್ಯಾಗ ನಾಕೂವರಿಗೆ ಎದ್ದು ಗೀಝರ್ ಹಾಕ್ತಾರ, ನಮ್ಮಪ್ಪ ಐದಕ್ಕ ರೇಡಿಯೋ ಹಚ್ಚತಾನ, ಕೂಸು ಎದ್ದು ಕುಂದರ್ತದ, ನಾನು ಒಂಬತ್ತಕ್ಕ ಲಾಗಿನ್ ಆಗಬೇಕು. ಅತ್ತಿಯವರಿಗೆ ಸ್ನಾನ ಆಗೂತನಕ ಅಡಗಿಮನಿಯೊಳಗ ಯಾರೂ ಬರಬಾರದು, ನಮ್ಮವ್ವಗ ಎದ್ದ ಕೂಡ್ಲೆ ಚಹಾ ಬೇಕು. ಇದ್ದದ್ದು ಒಂದ ಗ್ಯಾಸ್ ಒಲಿ, ಒಂದ್ಕಡೆ ಫಿಲ್ಟರ್ ಕಾಫಿಗೆ ಡಿಕಾಕ್ಷನ್, ಇನ್ನೊಂದ್ಕಡೆ ರೊಟ್ಟಿ ಹಂಚು. ಇಬ್ಬರೂ ಚಲೋ ಮಂದಿನ, ಒಬ್ಬರಿಗೊಬ್ಬರು ಏನೂ ಅನ್ನೂದಿಲ್ಲ, ಇಬ್ಬರೂ ಬಂದು ಹೇಳೂದು ನನ್ನ ಮುಂದ. ಅದು ಹೆಚ್ಚಿಗಿ ತ್ರಾಸು.
ಮತ್ತ ಎಲ್ಲಾರೂ ಅಜ್ಜ ಅಜ್ಜಿ ಮೂಲ್ಯಾಗ ಕುಂದರಬಾರದು ಅಂತೀರಿ. ಹೋದ ಸಲ ನಾಮಕರಣದಾಗ ಮೂಲ್ಯಾಗ ನಿಂತು ತಾಟು ತೊಳಿಯೂ ಲೆಕ್ಕಾ ಹಾಕಿದಾಕಿ ನಾನು, ಅದರ ಬಗ್ಗೆ ಯಾರೂ ಥ್ರೆಡ್ ಹಚ್ಚಲಿಲ್ಲ.

ಹುಬ್ಬಳ್ಳಿ ಗಾಡಿ:
ವೈನಿ ಬಂದ್ರು, ಈಗ ಮಜಾ ಬಂತು ನೋಡ್ರಿ.

ಜಯನಗರ ಡೆಕೋರು:
ನಂದು ಬೆಂಗಳೂರಲ್ಲಿ ಡೆಕೋರೇಶನ್ ಕೆಲಸ, ವಾರಕ್ಕೆ ಎರಡಾದ್ರೂ ಜಂಗಲ್ ಥೀಮ್ ಇರುತ್ತೆ, ಅದಕ್ಕೆ ಹೇಳ್ತೀನಿ. ಮೇಡಂ ಹೇಳಿದ್ದು ಸರಿ, ಅಪ್ಪ ಅಮ್ಮಂದಿರಿಗೆ ಪಾರ್ಟಿ ದಿನ ಮಗು ಮುಖ ನೋಡೋಕೂ ಟೈಮ್ ಇರಲ್ಲ. ನಾನು ಗಮನಿಸಿದ ಹಾಗೆ ಹಿರಿಯರಿಗೆ ಅವ್ರ ಕೈಲಿ ಆಗೋ ಒಂದು ಕೆಲಸ ಕೊಟ್ರೆ ಇಡೀ ಹಾಲ್ ಬೇರೆ ಥರ ಆಗುತ್ತೆ. ಸ್ಟೇಜ್ ಕೆಲಸ ಅಲ್ಲ, ಕೈ ಕೆಲಸ.
ಮಂಡ್ಯ ಕಡೆ ತಾತ ಒಬ್ರು ಬಂದಿದ್ರು ಒಂದ್ಸಲ, ಅದೂ ಜಂಗಲ್ ಥೀಮೇ. ನಾವು ಕಮಾನಿಗೆ ಅಂತ ತಂದಿದ್ದ ತೆಂಗಿನ ಗರಿ ಸ್ವಲ್ಪ ಉಳಿದಿತ್ತು. ಆ ಮನುಷ್ಯ ಸುಮ್ನೆ ಕೂರೋಕಾಗ್ದೆ ಗರಿಯ ಕಡ್ಡಿ ಬಿಡಿಸಿ, ಎರಡೆಳೆ ಅಡ್ಡ ಎರಡೆಳೆ ಉದ್ದ ಮಡಚಿ ಬಿಗಿದು, ಬಾಲ ಚೂಪು ಮಾಡಿ ಒಂದು ಗಿಳಿ ಮಾಡಿಟ್ರು. ಆಮೇಲೆ ಹಾವು, ಆಮೇಲೆ ಪೀಪಿ, ವಾಚು, ಕನ್ನಡಕ. ಇಪ್ಪತ್ತು ಮಕ್ಕಳು ಸುತ್ತ ಕೂತ್ಬಿಟ್ರು, ಅದ್ರಲ್ಲಿ ಅರ್ಧ ಮಕ್ಕಳಿಗೆ ಕನ್ನಡನೇ ಬರಲ್ಲ. ನಾವು ಕರೆಸಿದ್ದ ಟ್ಯಾಟೂ ಹಾಕೋ ಹುಡುಗ ಅವ್ರ ಪಕ್ಕ ಬಂದು ತಾನೂ ಕಲಿತಾ ಕೂತಿದ್ದ. ನಿಮ್ಮ ತಂದೆಗೆ ಗರಿ ಹೆಣೆಯೋಕೆ ಬರುತ್ತಾ ಕೇಳಿ ನೋಡಿ, ಆ ವಯಸ್ಸಿನೋರಿಗೆ ಬಹಳ ಜನಕ್ಕೆ ಬರುತ್ತೆ, ಯಾರೂ ಕೇಳಿರಲ್ಲ ಅಷ್ಟೇ.
ಇನ್ನ ತಟ್ಟೆಗೆ ಅಡಿಕೆ ಹಾಳೆ ತರಿಸಿ, ಬಾಗಿಲಿಗೆ ಬಾಳೆಕಂದು ಮಾವಿನಸೊಪ್ಪು ಕಟ್ಟಿ, ಅಮ್ಮಂದಿರಿಗೆ ಶುಭ ಅನ್ಸುತ್ತೆ, ನಿಮಗೆ ಕಾಡು ಅನ್ಸುತ್ತೆ, ಫ್ಲೆಕ್ಸ್ ಖರ್ಚು ಉಳಿಯುತ್ತೆ. ನಾನೇ ಹೇಳ್ಬಾರ್ದು, ಆದ್ರೂ ಹೇಳ್ದೆ.

ಖರ್ಚಿನ ರಾಯರು:
ಎಲ್ಲರೂ ಬೈದ್ರೂ ಪರವಾಗಿಲ್ಲ. ಒಂದು ವರ್ಷದ ಮಗುಗೆ ಕಾಡು ಯಾವುದು ನಾಡು ಯಾವುದು ಅಂತ ಗೊತ್ತಾ? ಅದಕ್ಕೆ ನೆನಪೂ ಇರಲ್ಲ. ಇದು ಇನ್‌ಸ್ಟಾಗ್ರಾಮ್‌ಗೆ ಮಾಡೋ ಹಬ್ಬ. ಆ ದುಡ್ಡು ಸುಕನ್ಯಾ ಸಮೃದ್ಧಿಗೆ ಹಾಕಿ, ಹೆಣ್ಣುಮಗುಗೆ ಹತ್ತು ವರ್ಷದೊಳಗೆ ಅಕೌಂಟ್ ಮಾಡಿಸ್ಬೋದು, 250 ರೂಪಾಯಿಂದ ಶುರು.
ಮತ್ತೆ ಜಂಗಲ್ ಅಂದ್ರೆ ಎಲ್ಲ ಕಡೆ ಅದೇ ಜಿರಾಫೆ, ಜೀಬ್ರಾ. ನಮ್ಮ ಯಾವ ಕಾಡಲ್ಲಿ ಜಿರಾಫೆ ಇದೆ ಸ್ವಾಮಿ? ಬಂಡೀಪುರ ಹುಲಿ ಯೋಜನೆಗೆ ಸೇರಿದ್ದು 1973ರಲ್ಲಿ, ನಾಗರಹೊಳೆಲಿ ಆನೆ ಹಿಂಡು, ಕಾಟಿ, ಕೆಂಜಳಿಲು, ಶರಾವತಿ ಕಣಿವೆಲಿ ಸಿಂಗಳೀಕ, ಇವೆಲ್ಲ ಬಿಟ್ಟು ಆಫ್ರಿಕಾದ್ದು ಯಾಕೆ?

ಮೈಸೂರು ಮಲ್ಲಿಗೆ ಅತ್ತೆ:
ನಮ್ಮ ಮೈಸೂರು ಝೂ 1892ರದ್ದು, ಅಲ್ಲಿ ಜಿರಾಫೆ ನೋಡ್ಕೊಂಡೇ ನಾವೆಲ್ಲ ಬೆಳೆದಿದ್ದು, ಹಂಗಾಗಿ ಜಿರಾಫೆ ಮೈಸೂರಿನೋರಿಗೆ ಹೊರಗಿಂದಲ್ಲ ರಾಯರೇ. 😄
ದುಡ್ಡಿನ ವಿಷಯ ಅವರವರ ಮನೆಗೆ ಬಿಟ್ಟಿದ್ದು. ನಮ್ಮ ಕಾಲದಲ್ಲೂ ಮೊದಲ ಹುಟ್ಟುಹಬ್ಬಕ್ಕೆ ಸಾಲ ಮಾಡಿ ಬೀದಿಗೆಲ್ಲ ಊಟ ಹಾಕಿದೋರಿದ್ರು, ಆಗ ಇನ್‌ಸ್ಟಾಗ್ರಾಮ್ ಇರ್ಲಿಲ್ಲ.
ರಿಟರ್ನ್ ಗಿಫ್ಟು ಇನ್ನೂ ತಗೊಂಡಿಲ್ಲ ಅಂದ್ರೆ ನಿಮ್ಮಮ್ಮನಿಗೆ ಹೇಳಿ, ಬರೋ ದಾರೀಲಿ ಚನ್ನಪಟ್ಟಣದ ಗೊಂಬೆ ತರ್ಲಿ. ಆನೆ, ಹುಲಿ, ಗೂಬೆ ಎಲ್ಲ ಸಿಗುತ್ತೆ, ಆಲೆ ಮರದ್ದು, ಅರಗಿನ ಬಣ್ಣ. ನೈಸಾಗಿರುತ್ತೆ, ಚೂಪು ಇರಲ್ಲ. ಚಿಕ್ಕ ಮಕ್ಕಳಿಗೆ ಕೊಡೋವಾಗ ಕಿತ್ತು ಬರೋ ಸಣ್ಣ ತುಂಡು ಇಲ್ಲದ್ದು ನೋಡಿ ತಗೊಳಿ.

ವಾರ್ಡ್ ನಂಬರ್ ಏಳು:
ನಾನು ಮಕ್ಕಳ ವಾರ್ಡಲ್ಲಿ ನರ್ಸು. ಎರಡು ವಿಷಯ ಕೇಳ್ಕೊಳ್ಳಿ, ಬೇರೆಲ್ಲ ನಿಮ್ಮಿಷ್ಟ.
ತಿಥಿ ಲೆಕ್ಕದಲ್ಲಿ ಹನ್ನೊಂದು ದಿನ ಮುಂಚೆ ಹೋಮ ಅಂದ್ರಲ್ಲ, ಅವತ್ತಿಗೆ ಮಗುಗೆ ಪೂರ್ತಿ ಹನ್ನೆರಡು ತಿಂಗಳು ಆಗಿರಲ್ಲ. ತೀರ್ಥ ಅಂತ ಪಂಚಾಮೃತ ಬಾಯಿಗೆ ಬಿಡ್ತಾರೆ, ಅದ್ರಲ್ಲಿ ಜೇನುತುಪ್ಪ ಇರುತ್ತೆ. ವರ್ಷ ತುಂಬೋವರೆಗೂ ಜೇನು ನಾಲಿಗೆಗೆ ಮುಟ್ಟಿಸೋ ಹಾಗಿಲ್ಲ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಕೂಸಿನ ಕರುಳಲ್ಲಿ ವಿಷ ಮಾಡುತ್ತೆ, ಬಾಟ್ಯುಲಿಸಮ್ ಅಂತಾರೆ, ಅಪರೂಪ, ಆದ್ರೆ ಬಂದ್ರೆ ಐಸಿಯುಗೇ ಹೋಗ್ಬೇಕು. ಪುರೋಹಿತರಿಗೆ ಮೊದಲೇ ಹೇಳಿ ಮಗುಗೆ ಜೇನಿಲ್ಲದ್ದು ಬೇರೆ ಬಟ್ಟಲಲ್ಲಿ ಇಡಿ. ಅಜ್ಜಿಯರ ಜೊತೆ ಅವತ್ತೇ ವಾದಕ್ಕೆ ಕೂರ್ಬೇಡಿ, ಹಿಂದಿನ ವಾರ ಫೋನಲ್ಲೇ ಡಾಕ್ಟರು ಹೇಳಿದಾರೆ ಅಂತ ಹೇಳಿ ಮುಗಿಸಿ.
ಎರಡನೇದು ಬಲೂನು. ಒಡೆದ ರಬ್ಬರ್ ಬಲೂನಿನ ಚೂರು ಅಂಬೆಗಾಲಿಡೋ ಮಗು ಬಾಯಿಗೆ ಹಾಕ್ಕೊಂಡ್ರೆ ಗಂಟಲಿಗೆ ಅಂಟಿ ಉಸಿರು ನಿಲ್ಲುತ್ತೆ, ಬೆರಳು ಹಾಕಿ ತೆಗೆಯೋಕೂ ಬರಲ್ಲ. ಬಲೂನೆಲ್ಲ ಎತ್ತರದಲ್ಲಿ ಕಟ್ಟಿಸಿ, ಪಾರ್ಟಿ ಮುಗಿದ ತಕ್ಷಣ ಯಾರಾದ್ರೂ ಒಬ್ರು ನೆಲದ ಮೇಲಿಂದ ಚೂರು ಆರಿಸ್ಲಿ. ಇಡೀ ಗೋಡಂಬಿ, ಶೇಂಗಾ, ಪಾಪ್‌ಕಾರ್ನ್ ಚಿಕ್ಕ ಮಕ್ಕಳ ಟೇಬಲ್ಲಲ್ಲಿ ಬೇಡ.
ಇನ್ನ ಟೈಮು. ಸಂಜೆ ಏಳಕ್ಕೆ ಅಂದ್ರೆ ಒಂದು ವರ್ಷದ ಮಗು ನಿದ್ದೆ ಬಂದು ರಚ್ಚೆ ಹಿಡಿಯೋ ಹೊತ್ತು, ಐದಕ್ಕೆ ಶುರು ಮಾಡಿ, ಆರಕ್ಕೆ ಕೇಕ್ ಮುಗಿಸಿ. ಮಗುಗೂ ಒಳ್ಳೇದು, ತಾತಂಗೂ ಒಳ್ಳೇದು.

ಎಡಿಸನ್ ಹಾಸನ:
ನಾವು ನ್ಯೂಜೆರ್ಸಿಲಿ. ಪುಣೆಗೆ ಬರೋಕೇ ಇಷ್ಟು ಚರ್ಚೆ ನೋಡಿ ನಗು ಬಂತು, ನಮಗೆ ಮೊದಲು ವೀಸಾನೇ ಒಂದು ಯಜ್ಞ. ವೀಸಾ ಇಂಟರ್‌ವ್ಯೂಗೆ ಅಪ್ಪ ಅಮ್ಮ ಹಾಸನದಿಂದ ಚೆನ್ನೈಗೆ ಹೋಗಿ ಲಾಡ್ಜ್ ಮಾಡ್ಕೊಂಡು ಬಂದ್ರು. ಇಂಟರ್‌ವ್ಯೂ ಕೆಲವೇ ನಿಮಿಷ, ಯಾಕೆ ಹೋಗ್ತಿದೀರ ಅಂದ್ರೆ ಮೊಮ್ಮಗನ ಹುಟ್ಟುಹಬ್ಬ ಅಂತ ಅಪ್ಪ ಕನ್ನಡದಲ್ಲೇ ಹೇಳಿದ್ರಂತೆ.
ಮುಂದೆ ಯಾರಾದ್ರೂ ಹೀಗೆ ಕರೆಸೋರಿದ್ರೆ ಹೇಳ್ತೀನಿ, ವೀಸಾ ಹತ್ತು ವರ್ಷದ್ದು ಕೊಟ್ರೂ ಒಂದ್ಸಲ ಬಂದ್ರೆ ಎಷ್ಟು ದಿನ ಇರ್ಬೋದು ಅನ್ನೋದು ಐ-94 ಅನ್ನೋ ಪ್ರವೇಶ ದಾಖಲೇಲಿರುತ್ತೆ, ಸಾಮಾನ್ಯವಾಗಿ ಆರು ತಿಂಗಳು, ಆ ತಾರೀಖೇ ಮುಖ್ಯ. ಟಿಕೆಟ್ ಮಾಡೋವಾಗ ವೀಲ್‌ಚೇರ್ ಹಾಕಿಸಿ, ನಡೆಯೋಕೆ ಬಂದ್ರೂ ದೊಡ್ಡ ಏರ್‌ಪೋರ್ಟಲ್ಲಿ ಅದೇ ದಾರಿ, ಕರ್ಕೊಂಡು ಹೋಗೋ ಮನುಷ್ಯ ಜೊತೆಗಿದ್ರೆ ಗೇಟ್ ಹುಡುಕೋದು, ಇಂಗ್ಲಿಷಲ್ಲಿ ಕೇಳೋದು ಎಲ್ಲ ತಪ್ಪುತ್ತೆ. ವಿಸಿಟರ್ ಇನ್ಶೂರೆನ್ಸು ಮಾಡಿಸ್ಲೇಬೇಕು, ಹಳೇ ಕಾಯಿಲೆಗೆ ಬಹಳಷ್ಟು ಪಾಲಿಸಿ ಕೊಡಲ್ಲ, ಓದಿ ತಗೊಳಿ. ಮಾತ್ರೆ ಎಲ್ಲ ಚೀಟಿ ಸಮೇತ ಕೈ ಬ್ಯಾಗಲ್ಲಿ.

ದುಬೈ ಉಡುಪಿ:
ಯುಎಇಗೆ ಬರುವವರು ಗಸಗಸೆ ಮಾತ್ರ ತರಬೇಡಿ, ಇಲ್ಲಿ ನಿಷೇಧ, ಮಾದಕ ವಸ್ತು ಅಂತ ಕೇಸ್ ಆಗ್ತದೆ. ಪಾಯಸಕ್ಕೆ, ಮಸಾಲೆಗೆ ಅಂತ ಅಮ್ಮಂದಿರು ಕಟ್ಟಿ ಇಟ್ಟಿರ್ತಾರೆ, ಬ್ಯಾಗ್ ಪ್ಯಾಕ್ ಆದ ಮೇಲೆ ಒಮ್ಮೆ ನೀವೇ ವಿಡಿಯೋ ಕಾಲಲ್ಲಿ ನೋಡಿ. ಮತ್ತೆ ಒಣಕೊಬ್ಬರಿ, ಅದು ಊರೊಳಗಿನ ವಿಮಾನದಲ್ಲೂ ಬಿಡುವುದಿಲ್ಲ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ಸಾಮಾನು ಅಂತ ತೆಗೆದು ಇಡ್ತಾರೆ. ಮೈಸೂರಿನ ಅಮ್ಮ ಕೊಬ್ಬರಿ ಮಿಠಾಯಿಗೆ ಅಂತ ಗಿಟಕು ಕಟ್ಟಿದ್ರೆ ಈಗಲೇ ಹೇಳಿಬಿಡಿ.

ವಾಕಡ್ ಮೈಸೂರಿಗ:
ಈಗಷ್ಟೇ ಫೋನ್ ಮಾಡ್ದೆ. ಅರ್ಧ ಕೇಜಿ ಕೊಬ್ಬರಿ ಗಿಟಕು ಆಗ್ಲೇ ಚೀಲದಲ್ಲಿದೆಯಂತೆ!! ಪುಣೆಲಿ ಸಿಗಲ್ವಾ ಅಂದ್ರೆ ತಿಪಟೂರಿನ ಥರ ಇರಲ್ಲ ಅಂತಾರೆ. ಕೊನೆಗೆ ಇಲ್ಲೇ ತರೋದು ಅಂತ ಒಪ್ಪಿಸಿದೀನಿ.
ಅಪ್ಪಂಗೆ ಗರಿ ಹೆಣೆಯೋಕೆ ಬರುತ್ತಾ ಅಂತನೂ ಕೇಳ್ದೆ. ಒಂದು ನಿಮಿಷ ಸುಮ್ನಿದ್ದು, ಗಿಳಿ ಬರುತ್ತೆ, ಮಿಡತೆ ಬರುತ್ತೆ, ಬುಟ್ಟಿ ಮರೆತಿದೀನಿ, ಯಾಕೆ ಅಂದ್ರು. ಮೂವತ್ತಾರು ವರ್ಷದಲ್ಲಿ ನಂಗೆ ಈ ವಿಷಯ ಗೊತ್ತೇ ಇರ್ಲಿಲ್ಲ.

ಆ ಹೆಂಡತಿ ನಾನ:
ನಮ್ಮವ್ವನ ಕಥಿ ಕೇಳ್ರಿ. ಜಂಗಲ್ ಥೀಮ್ ಅಂತ ಹೇಳಿದ್ದು ದಸರಾ ಸೂಟ್ಯಾಗ. ಆಕಿ ಅವತ್ತಿನಿಂದ ಕೌದಿ ಹೊಲ್ಯಾಕ ಹತ್ಯಾಳ. ಹಳೇ ಇಲಕಲ್ ಸೀರಿ ಎರಡು, ನಮ್ಮಪ್ಪನ ಧೋತರ ಒಳಗ ಹಾಕಿ, ಮ್ಯಾಲೆ ಬಣ್ಣ ಬಣ್ಣದ ಅರಿವಿ ತುಂಡು ಕತ್ತರಿಸಿ ಆನಿ, ನವಿಲು, ಗಿಳಿ ಹಚ್ಯಾಳ. ಒಂದು ಮೂಲಿಗೆ ಹುಲಿ ಮಾಡ್ಯಾಳ, ಅದು ನೋಡಿದ್ರ ಬೆಕ್ಕಿನಂಗ ಅದ, ಮೀಸಿ ಮಾತ್ರ ಭಾಳ ದೊಡ್ಡವು. ಹೊಲಿಗಿ ಅಂತೂ ಅಂಚಿನಿಂದ ಒಳಗ ಸುತ್ತಕೋತ ಒಂದ ಸಮಾ ಬಂದದ, ಮಶೀನ್ ಅಲ್ಲ, ಕೈಲೆ. ನಾಕು ಮೂಲಿಗೂ ಒಂದೊಂದು ತ್ರಿಕೋನ ಹಚ್ಚೋದು ಬಾಕಿ ಅದ ಅಂತ. ಅದರ ಜೋಡಿ ಕೂಸಿಗೆ ಒಂದು ಕುಂಚಿಗಿ, ಹಸರ ಖಣದ್ದು, ಕೆಂಪು ಅಂಚು, ಹಿಂದ ಗೊಂಡೆ.
ಫೋಟೋ ನೋಡಿ ನಾನು ಡೆಕೋರೇಶನ್‌ದವನಿಗೆ ಫೋನ್ ಮಾಡಿ ಹಿಂದಿನ ಜಿರಾಫೆ ಫ್ಲೆಕ್ಸ್ ಕ್ಯಾನ್ಸಲ್ ಮಾಡಿಸೀನಿ, ಅಲ್ಲೆ ಕೌದಿ ತೂಗ ಹಾಕೂದು. ಅವ ಅಡ್ವಾನ್ಸ್ ಕೊಡೂದಿಲ್ಲ ಅಂದಾನ, ಅಂದ್ರ ಅನ್ನಲಿ.

ಖರ್ಚಿನ ರಾಯರು:
ಜಿರಾಫೆ ಹೋಯ್ತು, ನವಿಲು ಬಂತು. ಸಂತೋಷ.

ಶಿವಮೊಗ್ಗದ ಅಜ್ಜಿ:
ಮಗಳೇ, ನೀನು ಮೇಲೆ ಬರೆದಿದ್ದು ಓದಿದೆ, ತಟ್ಟೆ ತೊಳೆಯೋ ಲೆಕ್ಕದ್ದು. ಎರಡು ವಾರ ನಾಲ್ಕು ಜನಾನೂ ಒಟ್ಟಿಗೆ ಬೇಡ. ನಮ್ಮಂಥೋರಿಗೂ ಬೀಗರ ಮುಂದೆ ಇಡೀ ದಿನ ಸೆರಗು ಸರಿ ಮಾಡ್ಕೊಂಡು ಕೂರೋದು ಕಷ್ಟನೇ, ಬಾಯಿಬಿಟ್ಟು ಹೇಳಲ್ಲ. ಒಂದು ಕಡೆಯೋರು ಮೊದಲು ಬರ್ಲಿ, ಇನ್ನೊಂದು ಕಡೆಯೋರು ಆಮೇಲೆ ಬಂದು ಆಮೇಲೆ ಹೋಗ್ಲಿ. ನಡುವೆ ಮೂರ್ನಾಲ್ಕು ದಿನ ಎಲ್ಲ ಸೇರಿದ್ರೆ ಸಾಕು, ಅಷ್ಟು ದಿನಕ್ಕೆ ಯಾರಿಗೂ ಯಾರ ಮೇಲೂ ಬೇಜಾರು ಬರಲ್ಲ. ಅಡುಗೆಗೆ ಒಬ್ಬಳನ್ನ ಇಟ್ಕೋ, ಅತ್ತೆ ಏನಂತಾರೋ ಅಂತ ನೋಡ್ಬೇಡ.

ಬೆಳಗಾವಿ ಕಾಕಾ:
ಸೊಸೈಟಿಯೊಳಗ ಗೆಸ್ಟ್ ರೂಮ್ ಐತೇನು ಕೇಳ್ರಿ. ವಾಕಡ್ ಕಡೆ ಭಾಳ ಸೊಸೈಟಿಗೋಳಿಗೆ ಇರ್ತಾವ, ದಿನದ ಲೆಕ್ಕದಾಗ ಕೊಡ್ತಾರ. ಬೀಗರಿಗೆ ಅದ ಚಲೋ, ರಾತ್ರಿ ಮಲಗಾಕ ಅಲ್ಲಿ, ಹಗಲು ಮೊಮ್ಮಗಳ ಜೋಡಿ. ರೇಡಿಯೋ ಹಚ್ಚಿದ್ರೂ ಯಾರಿಗೂ ತೊಂದ್ರಿ ಇಲ್ಲ.

ಆ ಹೆಂಡತಿ ನಾನ:
ಕೇಳಿದ್ವಿ ಕಾಕಾ, ಅದ, ಬುಕ್ ಆತು. ನಿನ್ನೆ ರಾತ್ರಿ ಇಬ್ಬರೂ ಕುಂತು ಪಕ್ಕಾ ಮಾಡೀವಿ, ಇವರ ಪರವಾಗಿ ನಾನ ಬರೀತೀನಿ, ಇವರು ಬರದ್ರ ಮತ್ತ ಏನರೆ ಬಿಡ್ತಾರ.
ಅತ್ತಿ ಮಾವ ತಿಥಿ ಎರಡು ದಿನ ಇರೂ ಮುಂದ ವಿಮಾನದಾಗ ಬರ್ತಾರ. ಹೋಮ ಮನ್ಯಾಗ, ಅವರ ಪದ್ಧತಿ, ಅವರ ಅಡಗಿ, ನಾನು ಅವತ್ತು ರಜಾ ಹಾಕಿ ಮಣಿ ಮ್ಯಾಲೆ ಕುಂದ್ರಾಕಿ ಅಷ್ಟ. ಜೇನಿಲ್ಲದ ಬಟ್ಟಲಾ ಬ್ಯಾರೆ ಇಡೂದು, ಅತ್ತಿಯವರು ಒಪ್ಯಾರ. ಅವ್ವ ಅಪ್ಪ ಪಾರ್ಟಿ ವಾರದ ಬುಧವಾರ ವಂದೇ ಭಾರತಕ್ಕ ಬರ್ತಾರ, ಗೆಸ್ಟ್ ರೂಮು ಅವರಿಗೆ. ಶನಿವಾರ ಪಾರ್ಟಿ ಐದಕ್ಕ, ಎಲ್ಲಾರಿಗೂ ಮತ್ತ ಮೆಸೇಜ್ ಕಳಿಸೀವಿ. ರವಿವಾರ ಮುಂಜಾನೆ ಕಿವಿ ಚುಚ್ಚೂದು, ನಮ್ಮ ತಮ್ಮ ಬರ್ತಾನ, ಸೋದರಮಾವನ ತೊಡಿ ಮ್ಯಾಲೆ ಕುಂದ್ರಿಸಿ. ಅದು ನಮ್ಮ ಕಡೆ ಪದ್ಧತಿ, ಶೇಂಗಾ ಹೋಳಿಗಿ ಅವ್ವನ ಜವಾಬ್ದಾರಿ. ಸೋಮವಾರ ಮಧ್ಯಾಹ್ನದ ಗಾಡಿಗೆ ಅವರು ವಾಪಸ್, ಮೈಸೂರಿನವರು ಇನ್ನೊಂದು ವಾರ ಇರ್ತಾರ. ಅಡಗಿಯಾಕಿ ಹದಿನೈದು ದಿನಕ್ಕ ಗೊತ್ತಾಗ್ಯಾಳ. ತಾಟು ಹಾಳಿವು, ತೊಳಿಯೂದ 'ಇಲ್ಲ'.

ವಾರ್ಡ್ ನಂಬರ್ ಏಳು:
ಪ್ಲಾನ್ ಚೆನ್ನಾಗಿದೆ. ಶನಿವಾರ ಮಗು ಸುಸ್ತಾಗಿ ಭಾನುವಾರ ಮೈ ಬೆಚ್ಚಗಿದ್ರೆ ಮಾತ್ರ ಕಿವಿ ಚುಚ್ಚೋದು ಮುಂದಕ್ಕೆ ಹಾಕಿ, ಸೋದರಮಾವ ಎಲ್ಲೂ ಹೋಗಲ್ಲ.

ಆ ಹೆಂಡತಿ ನಾನ:
ಆತ್ರಿ ಸಿಸ್ಟರ್, ಅದನ್ನ ಅವ್ವಗೂ ಹೇಳ್ತೀನಿ.

ವಾಕಡ್ ಮೈಸೂರಿಗ:
ನಂದು ಒಂದೇ ಪ್ರಶ್ನೆ ಉಳಿದಿದೆ. ಪುಣೆಲಿ ಹಸಿ ತೆಂಗಿನ ಗರಿ ಎಲ್ಲಿ ಸಿಗುತ್ತೆ? ಅಪ್ಪ ಮೈಸೂರಿಂದಲೇ ತರ್ತೀನಿ ಅಂತಿದಾರೆ, ಅಷ್ಟು ಉದ್ದದ್ದನ್ನ ವಿಮಾನದಲ್ಲಿ ಹೆಂಗೆ ತರೋದು.

ಜಯನಗರ ಡೆಕೋರು:
ಮೈಸೂರಿಂದ ಬೇಡ ಸರ್, ಅಷ್ಟು ದಿನಕ್ಕೆ ಒಣಗಿ ಗರಿ ಮುರಿಯುತ್ತೆ, ಹೆಣೆಯೋಕೆ ಬರಲ್ಲ. ಪಾರ್ಟಿ ದಿನ ಬೆಳಿಗ್ಗೆ ಕಡಿದಿದ್ದೇ ಬೇಕು. ನಿಮ್ಮ ಸೊಸೈಟಿ ತೋಟದಲ್ಲೇ ನಾಲ್ಕು ತೆಂಗಿನ ಗಿಡ ಇರುತ್ತೆ ನೋಡಿ, ಮಾಲಿಗೆ ಹಿಂದಿನ ದಿನವೇ ಹೇಳಿಡಿ. ತೀರಾ ಎಳೇದು ಬೇಡ, ಕಡು ಹಸಿರಿಂದು ಎರಡು ಮಟ್ಟೆ ಸಾಕು, ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಟ್ರೆ ಸಂಜೆವರೆಗೂ ಬಾಗುತ್ತೆ.

ಹುಬ್ಬಳ್ಳಿ ಗಾಡಿ:
ಫೋಟೋ ಹಾಕ್ರಿ ಮತ್ತ. ಆ ಬೆಕ್ಕಿನಂಥಾ ಹುಲಿದು ಮೊದಲ.